ಮೂವತ್ತೇಳೂವರೆ ಜೊತೆ

ಶಂಭುಲಿಂಗ ಇಂಗ್ಲೆಂಡಿನಲ್ಲಿ ಇದ್ದದ್ದು ಒಟ್ಟು ಹನ್ನೊಂದು ದಿನ. ಅದರಲ್ಲಿ ಎಂಟು ದಿನ ಜ್ವರ ಬಂದು ಹೋಟೆಲಿನ ಹಾಸಿಗೆಯಲ್ಲಿ ಮಲಗಿದ್ದ, ಎರಡು ದಿನ ಕಂಪನಿಯ ಸರ್ವರ್ ರೂಮಿನಲ್ಲಿ ಕೂತಿದ್ದ, ಮಿಕ್ಕ ಒಂದು ದಿನ ವಿಮಾನ ನಿಲ್ದಾಣದಲ್ಲಿ ಬಾರದ ಸೂಟ್‌ಕೇಸಿಗಾಗಿ ಕಾದಿದ್ದ. ಇಂಗ್ಲೆಂಡಿನ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಲು ಸಾಮಾನ್ಯ ಮನುಷ್ಯನಿಗೆ ಇಷ್ಟು ಅನುಭವ ಧಾರಾಳವಾಗಿ ಸಾಕು. ಆದರೆ ನಮ್ಮ ಶಂಭುಲಿಂಗ ಚಹಾ ಆರಿದರೂ, ರೈಲು ತಡವಾದರೂ, ಕಚೇರಿಯಲ್ಲಿ ಯಾರಾದರೂ ಸೀನಿದರೂ “ನಾ ಇಂಗ್ಲೆಂಡ್‌ನ್ಯಾಗ ಇದ್ದಾಗ...” ಎಂದೇ ಮಾತು ಶುರು ಮಾಡುತ್ತಿದ್ದ. ಕೇಳಿದವರು ಇವನು ಅಲ್ಲಿ ಕನಿಷ್ಠ ಐದು ವರ್ಷ ಸಂಸಾರ ಮಾಡಿರಬೇಕು ಎಂದುಕೊಳ್ಳುತ್ತಿದ್ದರು. ಅವನು ಯಾರ ನಂಬಿಕೆಯನ್ನೂ ಕೆಡಿಸುವ ಸ್ವಭಾವದವನಲ್ಲ.

ಮನೆ ಸಿಡ್ನಿಯ ಗಿರಾವೀನ್‌ನಲ್ಲಿ, ಕೆಲಸ ನಾರ್ವೆಸ್ಟ್‌ನಲ್ಲಿ, ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಇನ್ನೊಂದು ಗುಣವನ್ನೂ ಈಗಲೇ ಹೇಳಿಬಿಡಬೇಕು. ಶಂಭುಲಿಂಗ ಬೋರ್ಡು ಓದುವವನಲ್ಲ. ಬಾಗಿಲ ಮೇಲೆ ‘ಎಳೆಯಿರಿ’ ಎಂದಿದ್ದರೆ ತಳ್ಳುತ್ತಾನೆ, ‘ದುರಸ್ತಿಯಲ್ಲಿದೆ’ ಎಂದು ಬರೆದ ಲಿಫ್ಟಿನ ಮುಂದೆ ಹತ್ತು ನಿಮಿಷ ನಿಲ್ಲುತ್ತಾನೆ. ಓದಲು ಬಾರದೆಂದಲ್ಲ, ತನಗೆ ಗೊತ್ತಿರುವುದನ್ನು ಮತ್ತೆ ಏಕೆ ಓದಬೇಕು ಎಂಬ ಆತ್ಮವಿಶ್ವಾಸ.

ಈ ಎರಡು ಗುಣಗಳು ಒಂದೇ ದಿನ ಒಂದೇ ಬಾಗಿಲಲ್ಲಿ ಕೂಡಿದ್ದು ಮಾವನವರು ಬಂದಿದ್ದ ಜುಲೈ ತಿಂಗಳಲ್ಲಿ, ಅಂದರೆ ಅಲ್ಲಿನ ಚಳಿಗಾಲದಲ್ಲಿ.

ಮಾವ ಶಾಂತವೀರಪ್ಪನವರು ಧಾರವಾಡದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಮತ್ತು ಇಂಗ್ಲಿಷ್ ಕಲಿಸಿದವರು. ಅವರ ಇಬ್ಬರು ಹೆಣ್ಣುಮಕ್ಕಳೂ ಆಸ್ಟ್ರೇಲಿಯಾದಲ್ಲೇ. ಹಿರಿಯಳು ಮಹಾಶ್ವೇತಾ ಮೆಲ್ಬೋರ್ನ್‌ನಲ್ಲಿ, ಕಿರಿಯಳು ಆರತಿ, ಅಂದರೆ ಶಂಭುಲಿಂಗನ ಹೆಂಡತಿ, ಸಿಡ್ನಿಯಲ್ಲಿ. ಮಾವ ಮತ್ತು ಅತ್ತೆ ಚನ್ನಬಸವ್ವ ಮೊದಲು ಮೆಲ್ಬೋರ್ನ್‌ನಲ್ಲಿ ಮೂರು ತಿಂಗಳು ಇದ್ದರು. ಅಲ್ಲಿ ಹಿರಿಯ ಅಳಿಯ ಗುರುಬಸವ ಅವರಿಗೆ ಪೆಂಗ್ವಿನ್ ತೋರಿಸಿದ, ಸಮುದ್ರದ ಬಂಡೆ ತೋರಿಸಿದ, ಹಬೆಯ ರೈಲಿನಲ್ಲಿ ಕೂರಿಸಿದ, ಚಳಿಗೆಂದು ಒಳಗೆ ಉಣ್ಣೆಯಿದ್ದ ಚರ್ಮದ ಬೂಟನ್ನೂ ಕೊಡಿಸಿದ. ಷಡ್ಡಕ ಎಂಬ ಸಂಬಂಧವನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ, ಅವರಿಗೆ ಒಳ್ಳೆಯ ಉದ್ದೇಶ ಇರಲಿಲ್ಲ ಎಂಬುದಂತೂ ಖಂಡಿತ.

ಸಿಡ್ನಿಗೆ ಬಂದು ಐದು ವಾರವಾಗಿತ್ತು. ಶಂಭುಲಿಂಗ ಆಪೆರಾ ಹೌಸ್ ತೋರಿಸಿದ. ಮಾವನವರು “ಚಲೋ ಐತಿ” ಅಂದರು. ಸೇತುವೆ ತೋರಿಸಿದ. “ಚಲೋ ಐತಿ.” ನಮ್ಮವರ ಅಂಗಡಿಗಳೇ ತುಂಬಿದ ಹ್ಯಾರಿಸ್ ಪಾರ್ಕ್‌ನಲ್ಲಿ ಮಿರ್ಚಿ ಭಜಿ ತಿನ್ನಿಸಿದ. ಅದಕ್ಕೂ ಅದೇ ಮಾತು, ಅದೇ ಸ್ವರ. ಆಮೇಲೆ ಒಂದು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ ಅವರು ಹೇಳಿದರು:

“ಬರೂ ಸೋಮವಾರ ನಾವು ಮೆಲ್ಬೋರ್ನ್‌ಗೆ ಹೊಂಡ್ತೀವಪಾ. ಗುರುಬಸವ ಟಿಕೆಟ್ ಬುಕ್ ಮಾಡ್ಯಾನ. ಊರಿಗೆ ಹೋಗೂ ತನಕ ಇನ್ನೊಂದ ತಿಂಗಳ ಐತಲ್ಲ, ಅಲ್ಲೇ ಇರ್ತೀವಿ.”

ಆರತಿ ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚತೊಡಗಿದಳು. ಆ ದಿನದ ಅಡುಗೆಗೆ ಈರುಳ್ಳಿ ಬೇಕಾಗಿರಲಿಲ್ಲ.

“ಅಕ್ಕನ ಮನಿಗೆ ಮೂರು ತಿಂಗಳು, ಮತ್ತ ಒಂದು ತಿಂಗಳು. ನನ್ನ ಮನಿಗೆ ಐದ ವಾರ” ಎಂದಳು, ಹಿಂದೆಯೇ ಬಂದ ಗಂಡನಿಗೆ. “ಅಪ್ಪಗ ಇಲ್ಲಿ ಬ್ಯಾಸರ ಆಗೇತಿ. ಇನ್ನ ಯಾವಾಗ ಬರ್ತಾರೋ ಏನೋ, ವಯಸ್ಸಾತು. ನೀವು ಏನರ ಮಾಡ್ರಿ. ಆ ಒಂದು ತಿಂಗಳು ನನಗ ಬೇಕು.”

ಹೆಂಡತಿ ಏನಾದರೂ ಮಾಡಿ ಎಂದಾಗ ಶಂಭುಲಿಂಗ ಮೊದಲು ಮಾಡುವ ಕೆಲಸ ಮಾತಾಡುವುದು. ನೇರ ಹೋಗಿ ಮಾವನವರನ್ನು ಕೇಳಿದ: “ಮಾವಾರ, ನಿಮಗ ಏನರ ನೋಡಬೇಕಂತ ಆಸೆ ಉಳದೈತೇನ್ರಿ?”

ಮಾವ ಚಹಾದ ಕಪ್ಪು ಕೆಳಗಿಟ್ಟರು. “ಒಂದ ಇತ್ತು ಬಿಡು. ಇಂಗ್ಲೆಂಡಿನ ಕೆಥೆಡ್ರಲ್, ಆ ದೊಡ್ಡ ಚರ್ಚು. ಮೂವತ್ತೊಂದು ವರ್ಷ ಬೋರ್ಡಿನ ಮ್ಯಾಲೆ ಚಾಕ್‌ಪೀಸಿಲೆ ಅದರ ಕಮಾನು ತಗದೀನಿ, ಶಿಖರ ತಗದೀನಿ. ಒಂದರ ಕಣ್ಣಿಲೆ ನೋಡಿಲ್ಲ. ಇನ್ನ ಈ ವಯಸ್ಸಿಗೆ ಎಲ್ಲಿ ಇಂಗ್ಲೆಂಡ್!”

“ಅಷ್ಟ ಏನ್ರಿ?” ಎಂದು ಶಂಭುಲಿಂಗ ಕುರ್ಚಿಯಿಂದ ಎದ್ದೇಬಿಟ್ಟ. ಅವನ ಕಚೇರಿಯ ಮೇಜಿನ ಕ್ಯಾಲೆಂಡರಿನಲ್ಲಿ ಜುಲೈ ತಿಂಗಳಿಗೆ ಒಂದು ಕೆಥೆಡ್ರಲ್ಲಿನ ಚಿತ್ರವಿತ್ತು, ಕೆಳಗೆ ಥಾರ್ನ್‌ಫೋರ್ಡ್ ಎಂಬ ಊರಿನ ಹೆಸರು. ಅವನ ಸಂಶೋಧನೆಯೆಲ್ಲ ಅಷ್ಟೇ. “ಇಲ್ಲೇ ಐತ್ರಿ, ಮೂರು ತಾಸಿನ ಹಾದಿ. ಇಂಗ್ಲಿಷರು ಬಂದು ತಮ್ಮ ಊರಿನ್ಹಂಗ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಯಾರ. ನಾ ಇಂಗ್ಲೆಂಡ್‌ನ್ಯಾಗ ಇದ್ದಾಗ ಇಂಥಾವು ದಿನಾ ನೋಡ್ತಿದ್ದೆ. ಶನಿವಾರ ಹೋಗೂಣು!”

ಶಾಂತವೀರಪ್ಪನವರು ಐದು ವಾರಗಳಲ್ಲಿ ಮೊದಲ ಬಾರಿಗೆ “ಚಲೋ ಐತಿ” ಅನ್ನಲಿಲ್ಲ. “ಹೌದಾ?” ಅಂದರು. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಸದ್ದು ನಿಂತಿತು.

ಇಷ್ಟಕ್ಕೇ ನಿಂತಿದ್ದರೆ ನಾಲ್ಕು ಜನ ಕಾರಿನಲ್ಲಿ ಹೋಗಿ ಬರುತ್ತಿದ್ದರು, ನನಗೆ ಬರೆಯಲು ಏನೂ ಇರುತ್ತಿರಲಿಲ್ಲ. ಆದರೆ ಶಂಭುಲಿಂಗ ಅದೇ ಸಂಜೆ ಹ್ಯಾರಿಸ್ ಪಾರ್ಕ್‌ನ ಮಿಠಾಯಿ ಅಂಗಡಿಯಲ್ಲಿ ಈ ಪ್ರವಾಸವನ್ನು ಮೂರು ಜನರಿಗೆ ವಿವರಿಸಿದ. ಮೂರನೆಯವನು ಶಶಿಧರ. ಬೆಂಗಳೂರಿನವನು, ನಮ್ಮ ಕನ್ನಡ ಹಿರಿಯರ ಬಳಗದ ಅಧ್ಯಕ್ಷ, ಊರಿಂದ ಬಂದ ಎಲ್ಲರ ಅಪ್ಪ ಅಮ್ಮಂದಿರನ್ನೂ ಕರೆದುಕೊಂಡು ವರ್ಷಕ್ಕೊಂದು ಚಳಿಗಾಲದ ಟ್ರಿಪ್ ಮಾಡಲೇಬೇಕಾದ ಹೊಣೆ ಹೊತ್ತವನು. ಈ ವರ್ಷ ಎಲ್ಲಿಗೆ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

“ಗುರೂ, ಬ್ರಿಲಿಯಂಟ್!” ಎಂದು ಶಶಿಧರ ಅವನ ಕೈ ಹಿಡಿದ. “ಕೋಚ್ ನಾನು ಬುಕ್ ಮಾಡ್ತೀನಿ. ಸೀನಿಯರ್ಸ್‌ಗೆಲ್ಲಾ ಸಖತ್ ಎಕ್ಸ್‌ಪೀರಿಯನ್ಸ್ ಆಗತ್ತೆ. ನೀನೇ ಗೈಡ್.”

ರಾತ್ರಿಯೊಳಗೆ ಎಲ್ಲರ ಫೋನಿಗೂ ಸಂದೇಶ ಬಂತು: ‘ಇಂಗ್ಲೆಂಡ್ ತಜ್ಞರಾದ ಶ್ರೀ ಶಂಭುಲಿಂಗ ಅವರ ಮಾರ್ಗದರ್ಶನದಲ್ಲಿ ಐತಿಹಾಸಿಕ ಕೆಥೆಡ್ರಲ್ ನಗರಕ್ಕೆ ಒಂದು ದಿನದ ಪ್ರವಾಸ. ಸ್ವೆಟರ್ ಮರೆಯಬೇಡಿ.’ ಗುರುಬಸವ ಕೂಡ ಮೆಲ್ಬೋರ್ನ್‌ನಿಂದ ವಿಡಿಯೋ ಕಾಲ್ ಮಾಡಿದ. “ತಜ್ಞರು ಅಂದ್ರ ನೀನ ಏನೋ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಹಳ ಹೊತ್ತು ನಕ್ಕ. ಶಂಭುಲಿಂಗ ಆ ನಗುವನ್ನು ಮರೆಯಲಿಲ್ಲ.

ಶನಿವಾರ ಬೆಳಿಗ್ಗೆ ಆರೂವರೆಗೆ ಮೂವತ್ತೆಂಟು ಜನ ಕೋಚ್ ಹತ್ತಿದರು. ಅವರಲ್ಲಿ ಮೂವತ್ತೈದು ಜನ ಅರವತ್ತು ದಾಟಿದವರು, ಎಲ್ಲರೂ ಮಂಕಿ ಕ್ಯಾಪಿನೊಳಗೆ. ಕಂಬಳಿ, ಫ್ಲಾಸ್ಕು, ಅವಲಕ್ಕಿ, ಚಪಾತಿ, ಮಜ್ಜಿಗೆ ಮೆಣಸಿನಕಾಯಿ, ಮೊಣಕಾಲಿನ ಎಣ್ಣೆ ಎಲ್ಲವೂ ಹತ್ತಿದವು. ಅತ್ತೆ ಚನ್ನಬಸವ್ವ ಇಳಕಲ್ ಸೀರೆಯ ಕೆಳಗೆ ಬಿಳಿ ಸ್ಪೋರ್ಟ್ಸ್ ಶೂ ತೊಟ್ಟಿದ್ದರು. ಮುಂದಿನ ಸೀಟಿನಲ್ಲಿ ಮೈಸೂರಿನ ಅನಸೂಯಾ ಆಂಟಿ. ಅವರಿಗೆ ಪ್ರಪಂಚದಲ್ಲಿ ಯಾರ ಮೇಲೂ ನಂಬಿಕೆಯಿಲ್ಲ. ಕೋಚ್ ಹೊರಡುವ ಮೊದಲು ಡ್ರೈವರನಿಗೆ ಲೈಸೆನ್ಸ್ ಇದೆಯೇ ಎಂದು ಶಶಿಧರನ ಮೂಲಕ ವಿಚಾರಿಸಿದರು.

ಸಿಡ್ನಿ ದಾಟಿ ಹೆದ್ದಾರಿಗೆ ಬಿದ್ದ ಮೇಲೆ ಹೊಲಗಳ ಮೇಲೆಲ್ಲ ಹಿಮ ಬಿಳಿಯಾಗಿ ಕೂತಿತ್ತು. ಶಂಭುಲಿಂಗ ಮೈಕ್ ಹಿಡಿದು ನಿಂತ. ಎಡಕ್ಕೆ ಕಂಡದ್ದೆಲ್ಲ ಅವನಿಗೆ ಇಂಗ್ಲೆಂಡಿನಂತೆ ಇತ್ತು, ಬಲಕ್ಕೆ ಕಂಡದ್ದು ಇನ್ನೂ ಹೆಚ್ಚು ಇಂಗ್ಲೆಂಡಿನಂತೆ ಇತ್ತು. ಕಾಂಗರೂ ಒಂದು ಅಡ್ಡ ಹಾರಿಹೋಯಿತು. ಅದರ ಬಗ್ಗೆ ಅವನು ಏನೂ ಹೇಳಲಿಲ್ಲ.

“ಅಲ್ಲಪ್ಪಾ,” ಎಂದರು ಅನಸೂಯಾ ಆಂಟಿ, “ಚರ್ಚ್ ಒಳಗೆ ಹೋಗ್ಬೇಕಾದ್ರೆ ಶೂಸ್ ಬಿಚ್ಬೇಕಾ? ದೇವರ ಮನೆ ಅಲ್ವಾ ಅದೂ?”

ತಜ್ಞನಿಗೆ ಇದು ಮೊದಲ ಪರೀಕ್ಷೆ. ಹನ್ನೊಂದು ದಿನಗಳಲ್ಲಿ ಶಂಭುಲಿಂಗ ಒಂದು ಚರ್ಚಿನ ಒಳಗೂ ಕಾಲಿಟ್ಟಿರಲಿಲ್ಲ. “ಅದು ಕೆಥೆಡ್ರಲ್ ಮ್ಯಾಲೆ ಡಿಪೆಂಡ್ ಆಕೈತ್ರಿ ಆಂಟಿ” ಎಂದು ಗಂಭೀರವಾಗಿ ಹೇಳಿದ. “ಅಲ್ಲಿ ಹೋದ ಮ್ಯಾಲೆ ಹೇಳ್ತೀನಿ.”

ಥಾರ್ನ್‌ಫೋರ್ಡ್‌ನಲ್ಲಿ ಕೋಚ್ ನಿಂತಾಗ ಹೊರಗೆ ಮೂರು ಡಿಗ್ರಿ. ಗಾಳಿ ಮೂಗಿಗೆ ಕತ್ತರಿ ಹಾಕುವಂತಿತ್ತು. ಆದರೆ ಕೆಥೆಡ್ರಲ್ ನಿಜಕ್ಕೂ ಇತ್ತು, ಕ್ಯಾಲೆಂಡರಿನಲ್ಲಿದ್ದದ್ದಕ್ಕಿಂತ ದೊಡ್ಡದಾಗಿಯೇ ಇತ್ತು. ಶಾಂತವೀರಪ್ಪನವರು ಕೋಚಿನಿಂದ ಇಳಿದು, ಟೋಪಿ ತೆಗೆದು, ಕತ್ತೆತ್ತಿ ಶಿಖರವನ್ನು ನೋಡುತ್ತ ನಿಂತರು. ಅವರ ತುಟಿ ಏನನ್ನೋ ಹೇಳಿಕೊಳ್ಳುತ್ತಿತ್ತು. ಆರತಿ ಗಂಡನ ತೋಳು ಅದುಮಿದಳು. ಶಂಭುಲಿಂಗನಿಗೆ ಎದೆ ಎರಡು ಇಂಚು ಉಬ್ಬಿತು.

ಹೀಗೆ ಉಬ್ಬಿದ ಎದೆಯಲ್ಲೇ ಅವನು ತಂಡದ ಮುಂದೆ ನಡೆದು ಬಾಗಿಲ ಮಂಟಪಕ್ಕೆ ಬಂದ. ಅಲ್ಲಿ ಗೋಡೆಯ ಉದ್ದಕ್ಕೂ ಸಾಲಾಗಿ ಶೂಗಳು. ಗಂಡಸರದು, ಹೆಂಗಸರದು, ಮಕ್ಕಳದು, ಒಟ್ಟು ಮೂವತ್ತು ಜೊತೆ ಇರಬಹುದು. ಪಕ್ಕದ ಮೇಜಿನ ಹಿಂದೆ ಕೆಂಪು ಉಣ್ಣೆಯ ಟೋಪಿ ಹಾಕಿದ ಒಬ್ಬ ಅಜ್ಜಿ ಕೂತು ನಗುತ್ತಿದ್ದಳು. ಎದೆಯ ಮೇಲೆ ಮಾರ್ಗರೆಟ್ ಎಂಬ ಚೀಟಿ ಇತ್ತು. ಅವಳ ಪಕ್ಕದಲ್ಲಿ ಒಂದು ದೊಡ್ಡ ಬೋರ್ಡೂ ಇತ್ತು.

ಅದನ್ನು ಯಾರು ಓದುತ್ತಾರೆ? ಶಂಭುಲಿಂಗ ಶೂಗಳ ಸಾಲನ್ನು ನೋಡಿದ, ಚಪ್ಪಲಿ ಕಾಯುವ ಅಜ್ಜಿಯನ್ನು ನೋಡಿದ, ತಿರುಗಿ ಕೈಯೆತ್ತಿದ.

“ನೋಡ್ರಿ! ನಾ ಹೇಳಿದ್ದಿಲ್ಲ? ದೊಡ್ಡ ಕೆಥೆಡ್ರಲ್‌ಗಳಾಗ ಇದ ಪದ್ಧತಿ. ಇಂಗ್ಲೆಂಡ್‌ನ್ಯಾಗೂ ಹಿಂಗ. ಎಲ್ಲಾರೂ ಶೂಸ್ ಇಲ್ಲೇ ಬಿಚ್ಚಿ ಬರ್ರಿ.”

“ಅಬ್ಬಾ, ನಮ್ಮ ಹಾಗೇನೇ!” ಎಂದು ಎಲ್ಲರಿಗೂ ಸಂತೋಷವಾಯಿತು. ಪರದೇಶದ ದೇವರು ಒಮ್ಮೆಲೇ ಹತ್ತಿರದವನಾದ. ಹಿರಿಯರು ಒಬ್ಬರ ಹೆಗಲು ಒಬ್ಬರು ಹಿಡಿದು ಬಗ್ಗಿದರು, ನರಳಿದರು, ಶೂಗಳ ಲಾಡಿ ಬಿಚ್ಚಿದರು. ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದ ಶಶಿಧರ ಒಂದೇ ಕೈಯಲ್ಲಿ ಬಿಚ್ಚಿದ. ಚನ್ನಬಸವ್ವ ತಮ್ಮ ಬಿಳಿ ಶೂಗಳನ್ನು ಗೋಡೆಗೆ ಒತ್ತಿ ಇಟ್ಟು ಬಾಗಿಲಿಗೆ ಕೈಮುಗಿದರು. ಶಾಂತವೀರಪ್ಪನವರು ಮೇಜಿನ ಬಳಿ ಒಂದು ಕ್ಷಣ ನಿಂತು, ಮಗಳ ಕಡೆ ನೋಡಿ, ಆಮೇಲೆ ಮೆಲ್ಬೋರ್ನ್ ಬೂಟನ್ನು ನಿಧಾನವಾಗಿ ಬಿಚ್ಚಿ ಇಟ್ಟರು. ಅನಸೂಯಾ ಆಂಟಿ ಮಾತ್ರ ಒಂದು ಶೂವನ್ನು ಸಾಲಿನಲ್ಲಿಟ್ಟು, ಇನ್ನೊಂದನ್ನು ಮಂಟಪದ ಆಚೆ ತುದಿಯ ಕಂಬದ ಹಿಂದೆ ಬಚ್ಚಿಟ್ಟರು. ಜೋಡಿ ಒಂದೇ ಕಡೆ ಇಲ್ಲದಿದ್ದರೆ ಕಳ್ಳ ಮುಟ್ಟುವುದಿಲ್ಲ ಎಂಬುದು ಅವರು ಐವತ್ತು ವರ್ಷ ಜಾತ್ರೆ ದೇವಸ್ಥಾನ ತಿರುಗಿ ಕಂಡುಕೊಂಡ ಸತ್ಯ.

ಮಾರ್ಗರೆಟ್ ಕುರ್ಚಿಯಿಂದ ಎದ್ದು ನಿಂತಿದ್ದಳು. ಅವಳ ಕೈ ಬಾಯಿಯ ಮೇಲಿತ್ತು, ಕಣ್ಣಲ್ಲಿ ನೀರಿತ್ತು. “ನೀವೆಲ್ಲರೂ? ಕಾಲಿನಲ್ಲಿ ಇರುವುದನ್ನೇ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಆಫ್ ಕೋರ್ಸ್” ಎಂದ ಶಂಭುಲಿಂಗ. “ಇದು ನಮ್ಮ ಸಂಸ್ಕೃತಿ.”

“ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ” ಎಂದು ಅವಳು ಅವನ ಎರಡೂ ಕೈ ಹಿಡಿದುಕೊಂಡಳು. ಚಪ್ಪಲಿ ಕಾಯುವವರು ಇಷ್ಟು ಭಾವುಕರಾಗಿದ್ದನ್ನು ಶಂಭುಲಿಂಗ ಎಲ್ಲೂ ನೋಡಿರಲಿಲ್ಲ. ಇಂಗ್ಲಿಷರ ಸೌಜನ್ಯವೇ ಬೇರೆ ಎಂದು ಆರತಿಗೆ ಹೇಳಿದ.

ಒಳಗೆ ಕಲ್ಲಿನ ನೆಲ. ನೂರೈವತ್ತು ವರ್ಷಗಳ ಚಳಿಯನ್ನೆಲ್ಲ ಅದು ಕುಡಿದು ಇಟ್ಟುಕೊಂಡಿತ್ತು. ಎರಡು ಹೆಜ್ಜೆಗೆ ಎಲ್ಲರ ಭಕ್ತಿಯೂ ಬೆರಳ ತುದಿಗೆ ಬಂತು. ಮೂವತ್ತೇಳು ಜನ ತುದಿಗಾಲಲ್ಲಿ ಕುಣಿಯುತ್ತ ನಡೆದು, ಮೊದಲು ಸಿಕ್ಕ ಬೆಂಚುಗಳ ಮೇಲೆ ಹತ್ತಿ, ಕಾಲು ಮಡಚಿ ಪದ್ಮಾಸನ ಹಾಕಿ ಕೂತುಬಿಟ್ಟರು. ಹಿಂದಿನ ಬಾಗಿಲಿನಿಂದ ಬಂದ ಪಾದ್ರಿಯವರು ಈ ದೃಶ್ಯ ನೋಡಿ ಅಲ್ಲೇ ನಿಂತರು. ಇಷ್ಟು ಜನ ಏಕಕಾಲಕ್ಕೆ ಧ್ಯಾನಕ್ಕೆ ಕೂತದ್ದನ್ನು ಅವರು ತಮ್ಮ ಕೆಥೆಡ್ರಲ್ಲಿನಲ್ಲಿ ಕಂಡಿರಲಿಲ್ಲ. ಸದ್ದು ಮಾಡದೆ ಹಿಂದಕ್ಕೆ ಸರಿದು ಹೊರಗೆ ಮಾರ್ಗರೆಟ್ ಬಳಿ ಹೋದರು.

ಕೆಳಗೆ ಕಾಲೂರಿ ಓಡಾಡಿದವರು ಒಬ್ಬರೇ, ಶಾಂತವೀರಪ್ಪನವರು. ಅವರಿಗೆ ಚಳಿಯ ಅರಿವೇ ಇದ್ದಂತಿರಲಿಲ್ಲ. ಬರೀ ಕಾಲುಚೀಲದಲ್ಲಿ ಕಂಬದಿಂದ ಕಂಬಕ್ಕೆ ಹೋಗಿ ಕೈಯಿಂದ ಮುಟ್ಟಿ ನೋಡಿದರು. ಬಣ್ಣದ ಗಾಜಿನ ಕಿಟಕಿಯಿಂದ ಬೆಳಕು ಅವರ ಬಿಳಿ ಸ್ವೆಟರಿನ ಮೇಲೆ ನೀಲಿಯಾಗಿ, ಕೆಂಪಾಗಿ ಬಿದ್ದಿತ್ತು.

“ಆರತಿ, ಇಲ್ಲಿ ಬಾ. ನೋಡು, ಈ ಕಮಾನು ತುದಿಗೆ ಚೂಪ ಐತಲ್ಲ, ಭಾರ ಎಲ್ಲಾ ಹಿಂಗ ಇಳದು ಕಂಬಕ್ಕ ಹೋಗ್ತೈತಿ. ನಾ ಬೋರ್ಡಿನ ಮ್ಯಾಲೆ ಯಾವಾಗಲೂ ಸ್ವಲ್ಪ ಓರೆ ತಗೀತಿದ್ದೆ. ತಪ್ಪಿತ್ತು. ಮೂವತ್ತೊಂದು ವರ್ಷ ತಪ್ಪು ತಗದೀನಿ” ಎಂದು ಹೇಳುವಾಗ ಅವರು ನಗುತ್ತಿದ್ದರು, ಕಣ್ಣೂ ಒರೆಸಿಕೊಳ್ಳುತ್ತಿದ್ದರು. ಆರತಿ ಅಪ್ಪನ ಪಕ್ಕದಲ್ಲಿ ನಿಂತು ತನಗೇನೂ ತಿಳಿಯದ ಕಮಾನನ್ನು ಹದಿನೈದು ನಿಮಿಷ ನೋಡಿದಳು. ಅವಳಿಗೆ ಅಷ್ಟು ಸಂತೋಷ ಬಹಳ ದಿನದಿಂದ ಆಗಿರಲಿಲ್ಲ.

ಒಂದು ಗಂಟೆ ಕಳೆದ ಮೇಲೆ ಎಲ್ಲರೂ ಅವಲಕ್ಕಿಯ ನೆನಪಾಗಿ ಹೊರಗೆ ಹೊರಟರು. ಮುಂದಿದ್ದ ಅನಸೂಯಾ ಆಂಟಿ ಬಾಗಿಲು ದಾಟಿದವರೇ ಕಿರುಚಿದರು.

“ಅಯ್ಯೋ, ಶೂಸ್ ಎಲ್ಲಿ?”

ಗೋಡೆ ಬರಿದಾಗಿತ್ತು. ಒಂದು ಲಾಡಿ ಕೂಡ ಉಳಿದಿರಲಿಲ್ಲ. ಬದಲಿಗೆ ಮಂಟಪದ ತುಂಬ ಜನ. ಪಾದ್ರಿಯವರು, ಕತ್ತಿನಲ್ಲಿ ಚಿನ್ನದ ಬಣ್ಣದ ಸರಪಳಿ ಹಾಕಿದ ಒಬ್ಬ ಮಹಿಳೆ, ಕ್ಯಾಮೆರಾ ಹಿಡಿದ ಊರಿನ ಪತ್ರಿಕೆಯ ಹುಡುಗಿ, ಬಿಸಿ ಸೂಪಿನ ಪಾತ್ರೆ ಹಿಡಿದ ಐದಾರು ಅಜ್ಜಿಯರು. ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಶಂಭುಲಿಂಗನೂ ತಟ್ಟಿದ, ಯಾಕೆಂದು ಅವನಿಗೆ ತಿಳಿದಿರಲಿಲ್ಲ.

ಸರಪಳಿಯ ಮಹಿಳೆ ಊರಿನ ಮೇಯರ್. ಆಕೆ ಮುಂದೆ ಬಂದು ಹೇಳಿದ್ದರ ಸಾರಾಂಶ ಇಷ್ಟು: ಮನೆಯಿಲ್ಲದವರಿಗೆ ಚಳಿಗಾಲದಲ್ಲಿ ಪಾದರಕ್ಷೆ ಕೊಡುವ ಅಭಿಯಾನವನ್ನು ಈ ಕೆಥೆಡ್ರಲ್ ನಡೆಸುತ್ತಿದೆ. ಎರಡು ವಾರದಲ್ಲಿ ಮೂವತ್ತೊಂದು ಜೊತೆ ಬಂದಿತ್ತು, ಎಲ್ಲ ಹಳೆಯವು. ಇಂದು ಸಿಡ್ನಿಯಿಂದ ಬಂದ ಭಾರತದ ಹಿರಿಯರು ಮೂರು ಡಿಗ್ರಿ ಚಳಿಯಲ್ಲಿ ತಮ್ಮ ಕಾಲಿನಲ್ಲಿದ್ದದ್ದನ್ನೇ ಬಿಚ್ಚಿ ಕೊಟ್ಟಿದ್ದಾರೆ, ಮತ್ತು ಬರಿಗಾಲಿನಲ್ಲಿ ಒಂದು ಗಂಟೆ ಪ್ರಾರ್ಥಿಸಿದ್ದಾರೆ. ತಾನು ಹದಿನಾಲ್ಕು ವರ್ಷದ ಸಾರ್ವಜನಿಕ ಜೀವನದಲ್ಲಿ ಇಂಥದ್ದನ್ನು ನೋಡಿಲ್ಲ. ವ್ಯಾನ್ ಶೂಗಳನ್ನು ತುಂಬಿಕೊಂಡು ಅರ್ಧ ಗಂಟೆ ಹಿಂದೆಯೇ ಹೊರಟಿದೆ, ಈ ಹೊತ್ತಿಗೆ ಒಂದೊಂದಾಗಿ ಹಂಚುತ್ತಿರಬಹುದು.

ಇಂಗ್ಲಿಷ್ ಬರುವವರು ಇಂಗ್ಲಿಷ್ ಬಾರದವರ ಕಿವಿಯಲ್ಲಿ ಅನುವಾದಿಸಿದರು. ಮೂವತ್ತೇಳು ತಲೆಗಳು ನಿಧಾನವಾಗಿ ಶಂಭುಲಿಂಗನ ಕಡೆ ತಿರುಗಿದವು. ಅವನು ಆಗ ಮೊದಲ ಬಾರಿಗೆ ಬೋರ್ಡನ್ನು ಓದಿದ. ಕೈಯಷ್ಟು ದೊಡ್ಡ ಅಕ್ಷರಗಳಲ್ಲಿ ‘ಚಳಿಗಾಲದ ಪಾದರಕ್ಷೆ ದಾನ’ ಎಂದು ಬರೆದಿತ್ತು, ಕೆಳಗೆ ಶೂ ಹಾಕಿಕೊಂಡು ಹಾರುತ್ತಿರುವ ದೇವದೂತನ ಚಿತ್ರವೂ ಇತ್ತು.

“ಶಂಭು,” ಎಂದ ಶಶಿಧರ ಹಲ್ಲು ಕಚ್ಚಿ, “ನನ್ನ ಶೂಸ್ ಲಾಸ್ಟ್ ವೀಕ್ ತಗೊಂಡಿದ್ದು ಕಣೋ.”

“ವಾಪಸ್ ಕೇಳಪ್ಪಾ, ಹೋಗಿ ಕೇಳು!” ಎಂದರು ಅನಸೂಯಾ ಆಂಟಿ.

“ಸುಮ್ನಿರ್ರಿ ತಂಗಿ” ಎಂದರು ಚನ್ನಬಸವ್ವ. ಅವರೊಬ್ಬರ ಮುಖದಲ್ಲಿ ಮಾತ್ರ ಕಳೆಯಿತ್ತು. “ಗುಡಿ ಮುಂದ ಚಪ್ಪಲಿ ಹೋದ್ರ ಪೀಡಾ ಹೋದಂಗ. ಮೂವತ್ತೆಂಟು ಮಂದಿದೂ ಒಮ್ಮೆಗೇ ಹೋತು. ಇಂಥಾ ದೇವರು ಎಲ್ಲೆರ ಸಿಗ್ತಾನೇನು?”

ಅನಸೂಯಾ ಆಂಟಿ ಈ ಮಾತನ್ನು ಒಂದು ಕ್ಷಣ ತೂಗಿ ನೋಡಿದರು. ಅರ್ಧ ಪೀಡೆ ಮಾತ್ರ ಹೋಗಿ ಇನ್ನರ್ಧ ತಮ್ಮಲ್ಲೇ ಉಳಿದರೆ ಹೇಗೆ? ಕುಂಟುತ್ತ ಕಂಬದ ಹಿಂದೆ ಹೋಗಿ ತಮ್ಮ ಒಂಟಿ ಶೂ ತಂದು ಮಾರ್ಗರೆಟ್ ಕೈಯಲ್ಲಿಟ್ಟು, “ಟೇಕ್ ದಿಸ್ ಆಲ್ಸೋ” ಎಂದರು. ಮೂವತ್ತೇಳೂವರೆ ಜೊತೆ ಮೂವತ್ತೆಂಟಾಯಿತು. ಮಾರ್ಗರೆಟ್ ಬಿಕ್ಕಿದಳು. ಕ್ಯಾಮೆರಾದ ಹುಡುಗಿ ಹನ್ನೆರಡು ಫೋಟೋ ತೆಗೆದಳು.

ಮೇಯರ್ ಮೈಕ್ ಹಿಡಿದು, ನಿಮ್ಮಲ್ಲಿ ಯಾರಾದರೂ ಎರಡು ಮಾತಾಡಬೇಕು ಎಂದರು. ಶಶಿಧರ, ಎಂದೂ ಮೈಕ್ ಬಿಡದ ಶಶಿಧರ, ಎರಡು ಹೆಜ್ಜೆ ಹಿಂದೆ ಸರಿದು ಶಂಭುಲಿಂಗನನ್ನು ಮುಂದಕ್ಕೆ ತಳ್ಳಿದ.

ಶಂಭುಲಿಂಗನ ಕಾಲು ಮರಗಟ್ಟಿದ್ದವು, ನಾಲಿಗೆಯೂ ಮರಗಟ್ಟಿತು. ಅವನು ಸುಳ್ಳನಲ್ಲ, ಬರೀ ದೊಡ್ಡ ಮಾತಿನವನು. ಇವರ ಮುಂದೆ ನಿಜ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಮಾವನವರ ಮುಂದೆ, ಇಷ್ಟು ಜನರ ಮುಂದೆ, ಪತ್ರಿಕೆಯ ಮುಂದೆ ಮಾನ ಹೋಗುತ್ತಿತ್ತು. ಸೋಮವಾರ ಮಾವನವರೂ ಹೋಗುತ್ತಿದ್ದರು. “ಆಕ್ಚುಯಲಿ... ದಿ ಶೂಸ್... ವಿ ಥಾಟ್...” ಎಂದು ಶುರು ಮಾಡಿದ. ಮೇಯರ್ ಹುಬ್ಬೇರಿಸಿದರು. ಆರತಿ ಕಣ್ಣು ಮುಚ್ಚಿಕೊಂಡಳು.

ಆಗ ಯಾರೋ ಅವನ ಕೈಯಿಂದ ಮೈಕ್ ತೆಗೆದುಕೊಂಡರು. ಶಾಂತವೀರಪ್ಪನವರು. ಟೋಪಿ ತೆಗೆದು ಕಂಕುಳಲ್ಲಿಟ್ಟು, ತರಗತಿಯಲ್ಲಿ ನಿಲ್ಲುವಂತೆ ನೆಟ್ಟಗೆ ನಿಂತರು. ಇಸ್ತ್ರಿ ಮಾಡಿದಂಥ ಹಳೆಯ ಧಾರವಾಡದ ಇಂಗ್ಲಿಷಿನಲ್ಲಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದರು:

“ಮಾನ್ಯ ಮೇಯರ್ ಅವರೇ, ಪೂಜ್ಯ ಗುರುಗಳೇ. ನಮ್ಮಲ್ಲಿ ದೇವರ ಮನೆಗೆ ಯಾರೂ ಪಾದರಕ್ಷೆ ತೊಟ್ಟು ಹೋಗುವುದಿಲ್ಲ. ಬಾಗಿಲಲ್ಲಿ ಬಿಟ್ಟದ್ದು ತಿರುಗಿ ಬಂದಾಗ ಅಲ್ಲಿದ್ದರೆ ನಮ್ಮದು. ಇರದಿದ್ದರೆ ಅದು ನಮಗಿಂತ ಹೆಚ್ಚು ಬೇಕಾಗಿದ್ದ ಯಾರದೋ ಆಯಿತು ಎಂದು ತಿಳಿದು ನಡೆದು ಹೋಗುತ್ತೇವೆ. ಇಂದು ನಾವು ನಡೆದು ಹೋಗುತ್ತೇವೆ. ನಿಮ್ಮ ಕೆಥೆಡ್ರಲ್ ಬಹಳ ಸುಂದರವಾಗಿದೆ. ಇದನ್ನು ನೋಡಲು ನಾನು ಬಹಳ ವರ್ಷ ಕಾದಿದ್ದೆ. ನನ್ನ ಅಳಿಯ ಕರೆದುಕೊಂಡು ಬಂದ.”

ಇದರಲ್ಲಿ ಒಂದು ಸುಳ್ಳೂ ಇರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಶಶಿಧರ ಥಟ್ಟನೆ ಮುಂದೆ ಬಂದು ಮೇಯರ್ ಪಕ್ಕದಲ್ಲಿ ಫೋಟೋಗೆ ನಿಂತ.

ಊರಿನವರು ಬರಿಗಾಲಿನಲ್ಲಿ ಕಳಿಸಲು ಒಪ್ಪಲಿಲ್ಲ. ಕೆಥೆಡ್ರಲ್ಲಿನ ಹೆಣಿಗೆ ಸಂಘದ ಅಜ್ಜಿಯರು ಬುಟ್ಟಿಗಟ್ಟಲೆ ಕೈಹೆಣಿಗೆಯ ಉಣ್ಣೆಯ ಕಾಲುಚೀಲ ತಂದರು. ಊರಿನ ಫುಟ್‌ಬಾಲ್ ತಂಡದ ಬಣ್ಣವಂತೆ, ಹಳದಿಯ ಮೇಲೆ ನೇರಳೆ ಪಟ್ಟೆ. ಸೂಪು ಕುಡಿದು, ಪ್ರತಿಯಾಗಿ ಅವಲಕ್ಕಿ ತಿನ್ನಿಸಿ, ಮೆಣಸಿನಕಾಯಿ ಕಚ್ಚಿದ ಪಾದ್ರಿಯವರಿಗೆ ನೀರು ಕುಡಿಸಿ, ಮೂವತ್ತೆಂಟು ಜನ ಹಳದಿ ನೇರಳೆ ಕಾಲುಗಳಲ್ಲಿ ಮೆರವಣಿಗೆಯಾಗಿ ಕೋಚ್ ಹತ್ತಿದರು. ಡ್ರೈವರ್ ಅವರ ಕಾಲುಗಳನ್ನು ನೋಡಿ ಏನೋ ಕೇಳಲು ಹೋಗಿ, ಬೇಡವೆಂದು ಸುಮ್ಮನಾದ.

ಕೋಚ್ ಹೊರಟ ಮೇಲೆ ಶಂಭುಲಿಂಗ ಮೈಕ್ ಮುಟ್ಟಲಿಲ್ಲ. ಮಾವನವರ ಪಕ್ಕದ ಖಾಲಿ ಸೀಟಿನಲ್ಲಿ ಕೂತು ತಲೆ ತಗ್ಗಿಸಿದ.

“ಮಾವಾರ, ತಪ್ಪಾತ್ರಿ. ನಾ ಬೋರ್ಡ್ ಓದಲಿಲ್ರಿ.”

“ನಾ ಓದಿದ್ದೆ” ಎಂದರು ಶಾಂತವೀರಪ್ಪನವರು.

“ಹಾಂ? ಯಾವಾಗ್ರಿ?”

“ಬೂಟು ಬಿಚ್ಚೂ ಮೊದಲ. ಅಷ್ಟ ದೊಡ್ಡ ಅಕ್ಷರ ಇದ್ವಲ್ಲೋ!”

ಶಂಭುಲಿಂಗ ತಲೆಯೆತ್ತಿದ. “ಮತ್ತ... ಹೇಳಲಿಲ್ಲಲ್ರಿ?”

“ಏನಂತ ಹೇಳಲಿ? ಅಷ್ಟೂ ಮಂದಿ ನಿನ್ನ ಮಾತು ನಂಬಿ ಬಗ್ಗಿ ಬೂಟಿನ ಲಾಡಿ ಬಿಚ್ಚಾಕತ್ತಿದ್ರು. ಅವರ ಮುಂದ ನಮ್ಮ ಅಳಿಯಾಗ ಓದಾಕ ಬರೂದಿಲ್ಲ ಅಂತ ಹೇಳ್ಲೇನು? ಆರತಿ ಮಾರಿ ನೋಡಿದೆ. ಅಕಿ ಅಷ್ಟು ಖುಷಿ ಇದ್ಲು. ಸುಮ್ಮನ ಬಿಚ್ಚಿದೆ.” ಕಿಟಕಿಯ ಹೊರಗೆ ನೋಡುತ್ತ ಅವರು ಮುಂದುವರಿಸಿದರು. “ಚಳಿ ಬಾಳ ಇತ್ತಪಾ. ಒಳಗ ಕಾಲು ಕಲ್ಲಾಗಿದ್ವು.”

ಹಿಂದಿನ ಸೀಟಿನಲ್ಲಿದ್ದ ಆರತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೆರಗಿನ ಬದಲು ಮಫ್ಲರಿನಲ್ಲಿ ಮುಖ ಒರೆಸಿಕೊಂಡಳು. ಶಂಭುಲಿಂಗನಿಗೆ ಮಾವನವರ ಕಾಲು ಹಿಡಿಯಬೇಕು ಅನ್ನಿಸಿತು. ಕೋಚಿನಲ್ಲಿ ಬಗ್ಗಲು ಜಾಗ ಇರಲಿಲ್ಲ.

ಅಷ್ಟರಲ್ಲಿ ಮಾವನವರ ಫೋನು ಹೊಡೆದುಕೊಂಡಿತು. ಕಿವಿ ಸ್ವಲ್ಪ ಮಂದವಾದ್ದರಿಂದ ಅವರು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು. ಮೆಲ್ಬೋರ್ನ್‌ನಿಂದ ಗುರುಬಸವನ ಸ್ವರ ಅರ್ಧ ಕೋಚಿಗೆ ಕೇಳಿಸಿತು.

“ಮಾವಾರ, ಸೋಮವಾರ ಏರ್‌ಪೋರ್ಟಿಗೆ ಎಷ್ಟಕ್ಕ ಬರ್ಲಿ?”

ಶಾಂತವೀರಪ್ಪನವರು ತಮ್ಮ ಹಳದಿ ನೇರಳೆ ಪಾದಗಳನ್ನು ನೋಡಿಕೊಂಡರು. ಆಮೇಲೆ ಹಿಂದೆ ತಿರುಗಿ ಮಗಳನ್ನು ನೋಡಿದರು.

“ಬರಾಕ ಆಗೂದಿಲ್ಲೋ ಗುರುಬಸವ. ಕಾಲಾಗ ಬೂಟಿಲ್ಲ.”

“ಬೂಟಿಲ್ಲ? ಅಂದ್ರ?”

“ಅದು ದೊಡ್ಡ ಕಥಿ. ಹೊಸಾ ಬೂಟು ನೋಡಬೇಕು, ಅಳತಿ ಕೂಡಬೇಕು. ಒಂದ ತಿಂಗಳರ ಹಿಡೀತೈತಿ. ಊರಿಗೆ ಹೋಗೂ ತನಕ ಇನ್ನ ಇಲ್ಲೇ ಇರ್ತೀವಿ. ಟಿಕೆಟ್ ಕ್ಯಾನ್ಸಲ್ ಮಾಡು.”

ಆರತಿಯ ಕೈ ಬಾಯಿಗೆ ಹೋಯಿತು. ಚನ್ನಬಸವ್ವ ಮಗಳ ತೊಡೆ ತಟ್ಟಿದರು. ಅನಸೂಯಾ ಆಂಟಿ ಕೂಡ ಮುಗುಳ್ನಕ್ಕರು. ಎಲ್ಲವೂ ಎಷ್ಟು ಚೆನ್ನಾಗಿ ಮುಗಿದಿತ್ತೆಂದರೆ, ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಿರುತ್ತಿದ್ದರು.

“ಒಂದ ತಿಂಗಳ ಯಾಕ್ರಿ ಮಾವಾರ!” ಎಂದು ಶಂಭುಲಿಂಗ ಉತ್ಸಾಹದಿಂದ ಎದ್ದು ನಿಂತ. “ನಾಳೆ ಮುಂಜಾನೆ ಹತ್ತಕ್ಕ ಅಂಗಡಿ ತಗೀತಾವ. ಹತ್ತ ನಿಮಿಷದಾಗ ನಾನ ಕೊಡಸ್ತೀನಿ. ಸೋಮವಾರ ಆರಾಮ ಹೋಗಬಹುದು!”

ಶಾಂತವೀರಪ್ಪನವರು ಅಳಿಯನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು, ಫೋನನ್ನು ಬಾಯಿಯ ಹತ್ತಿರ ತಂದರು.

“ಕೇಳಿದೆಲ್ಲೋ ಗುರುಬಸವ? ಇಂಥಾವನ ಕೈಯಾಗ ಮಗಳನ್ನ ಬಿಟ್ಟು ಈಗಿಂದೀಗ ಹೆಂಗ ಬರ್ಲಿ, ನೀನ ಹೇಳು.”